ಪ್ಲಾಸ್ಟಿಕ್ ಗೇರ್ ಸಾಮಗ್ರಿ ಮತ್ತು ಪೇಟೆಂಟಿನ ಸಹಜಗೋಚರತೆ

ಹಲ್ಲುಚಕ್ರವನ್ನು, ಅಂದರೆ ಗೇರನ್ನು, ಇಂಥದೇ ಪ್ಲಾಸ್ಟಿಕ್ಕಿನಿಂದ ಅಥವಾ ಇಂತಿಷ್ಟೇ ಪ್ರಮಾಣದ ಮಿಶ್ರಣದಿಂದ ಮಾಡಿದ್ದೇವೆ ಎಂದು ಕೇಳಿದ ಪೇಟೆಂಟಿಗೆ ‘ಈ ಕಸಬು ಬಲ್ಲ ಯಾರಿಗಾದರೂ ಇದು ಹೊಳೆಯುತ್ತಿತ್ತು’ ಎಂಬ ಆಕ್ಷೇಪ ಎದುರಾದಾಗ ಹುಟ್ಟುವ ವಿವಾದವೇ ಪ್ಲಾಸ್ಟಿಕ್ ಗೇರ್ ಸಾಮಗ್ರಿಯ ಸಹಜಗೋಚರತೆಯ ವ್ಯಾಜ್ಯ. ಇಲ್ಲಿ ಗೇರೂ ಹಳೆಯದು, ಪ್ಲಾಸ್ಟಿಕ್ಕೂ ಸಾಮಾನ್ಯವಾಗಿ ಹಳೆಯದು. ಎರಡನ್ನೂ ಕೂಡಿಸಿದ್ದು ಆವಿಷ್ಕಾರವೇ ಅಲ್ಲವೇ ಎಂಬುದಷ್ಟೇ ಪ್ರಶ್ನೆ. ವಸ್ತುವನ್ನು ಬದಲಿಸಿದ ಮಾತ್ರಕ್ಕೆ ಪೇಟೆಂಟು ಸಿಗದು ಎಂಬ ನಿಯಮ ಪ್ಲಾಸ್ಟಿಕ್ಕಿಗಿಂತ ಹಿಂದಿನದು. ಆದರೆ ಪ್ಲಾಸ್ಟಿಕ್ ಗೇರಿನಲ್ಲಿ ವಸ್ತು ಬದಲಾದರೆ ಅಳತೆ, ಸಡಿಲು, ಜೊತೆಗಾರ ಚಕ್ರ ಎಲ್ಲವೂ ಬದಲಾಗಬೇಕಾಗುವುದರಿಂದ ಆ ನಿಯಮವನ್ನು ಅನ್ವಯಿಸುವುದು ತೊಡಕಿನ ಕೆಲಸವಾಗುತ್ತದೆ.

ಪಾರಿಭಾಷಿಕ ಪದಗಳು

ಪೇಟೆಂಟ್ ಅರ್ಜಿಯ ದಿನಕ್ಕೆ ಮೊದಲು ಲೋಕಕ್ಕೆ ತೆರೆದಿದ್ದ ಎಲ್ಲ ತಿಳಿವಳಿಕೆ ‘ಪೂರ್ವಜ್ಞಾನ’. ಪೇಟೆಂಟಿನ ವಿವರಣಾಪತ್ರದ ಕೊನೆಯಲ್ಲಿ, ತನಗೆ ಬೇಕಾದ ಹಕ್ಕಿನ ಎಲ್ಲೆಯನ್ನು ಅರ್ಜಿದಾರ ಗೆರೆ ಎಳೆದಂತೆ ಹೇಳುವ ವಾಕ್ಯ ‘ಕ್ಲೇಮು’. ಆವಿಷ್ಕಾರದ ಕ್ಷೇತ್ರದ ಸಾಮಾನ್ಯ ಜ್ಞಾನವುಳ್ಳ, ಆ ಕ್ಷೇತ್ರದ ಪೂರ್ವಜ್ಞಾನವನ್ನೆಲ್ಲ ಓದಿರುವ, ಆದರೆ ವಿಶೇಷ ಪ್ರತಿಭೆಯಿಲ್ಲದ ಕಲ್ಪಿತ ವ್ಯಕ್ತಿ ‘ಕಸಬು ಬಲ್ಲವ’. ಪೂರ್ವಜ್ಞಾನದಿಂದ ಕ್ಲೇಮಿನವರೆಗಿನ ದಾರಿ ಅವನಿಗೆ ತಾನಾಗಿ ಕಾಣುವಂತಿದ್ದರೆ ಆ ಕ್ಲೇಮಿಗೆ ‘ಸಹಜಗೋಚರತೆ’ಯ ದೋಷವಿದೆ, ಹಾಗೆ ಕಾಣದಿದ್ದರೆ ಅದರಲ್ಲಿ ‘ಆವಿಷ್ಕಾರಕ ಹೆಜ್ಜೆ’ ಇದೆ. ಇದು ಹೊಸತನಕ್ಕಿಂತ ಬೇರೆಯಾದ ಪರೀಕ್ಷೆ. ಹಿಂದೆ ಯಾರೂ ಮಾಡದ ವಸ್ತುವೂ ಸಹಜಗೋಚರವಾಗಿರಬಹುದು.

ಸಾಮಗ್ರಿಯ ಹಿನ್ನೆಲೆ

ಲೋಹವಲ್ಲದ ಗೇರಿನ ಕೈಗಾರಿಕಾ ಬಳಕೆ ಪ್ಲಾಸ್ಟಿಕ್ಕಿನಿಂದ ಶುರುವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹದಮಾಡದ ಚರ್ಮದ ಪದರಗಳನ್ನು ಒತ್ತಿ ಮಾಡಿದ ಸಣ್ಣ ಗೇರುಗಳು ಯಂತ್ರದ ಸದ್ದು ತಗ್ಗಿಸಲು ಬಳಕೆಯಲ್ಲಿದ್ದವು. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಅರ್ಜಿ ಹಾಕಿ 1909ರಲ್ಲಿ ಪೇಟೆಂಟು ಪಡೆದ ಬೇಕಲೈಟ್ ಬಂದ ಮೇಲೆ, ಫೀನಾಲಿಕ್ ರಾಳದಲ್ಲಿ ತೋಯಿಸಿದ ಬಟ್ಟೆಯ ಪದರಗಳನ್ನು ಬಿಸಿಯಲ್ಲಿ ಒತ್ತಿ ಹಲಗೆಯಾಗಿಸಿ ಅದರಲ್ಲಿ ಹಲ್ಲು ಕೊರೆಯುವುದು ರೂಢಿಯಾಯಿತು. ಕಾರಿನ ಎಂಜಿನ್ನಿನ ಟೈಮಿಂಗ್ ಗೇರಿಗೂ ಇದೇ ಸಾಮಗ್ರಿ ಬಂತು. ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೆಸ್ ಕರೋದರ್ಸ್ 1935ರಲ್ಲಿ ನೈಲಾನ್ 66 ತಯಾರಿಸಿದರು. ಅದೇ ಕಂಪನಿಯ ಅಸಿಟಾಲ್ ಪ್ಲಾಸ್ಟಿಕ್ ಡೆಲ್ರಿನ್ 1960ರಲ್ಲಿ, ಸೆಲನೀಸ್ ಕಂಪನಿಯ ಅಸಿಟಾಲ್ ಸಹಪಾಲಿಮರ್ ಸೆಲ್ಕಾನ್ 1962ರಲ್ಲಿ ಮಾರುಕಟ್ಟೆಗೆ ಬಂದವು. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ 1978ರಲ್ಲಿ ರೂಪುಗೊಂಡ ಪೀಕ್ ಎಂಬ ಪ್ಲಾಸ್ಟಿಕ್ ಹೆಚ್ಚು ಬಿಸಿಯ ಜಾಗಗಳಿಗೆ ಒದಗಿತು.

ಮುದ್ರಕ, ಮಿಕ್ಸರ್, ಕಾರಿನ ಕಿಟಕಿ ಮೋಟಾರು, ವೈಪರ್ ಇಂಥವುಗಳಲ್ಲಿ ಹೆಚ್ಚಾಗಿ ಕಾಣುವುದು ನೈಲಾನ್ ಮತ್ತು ಅಸಿಟಾಲ್. ಹೋಮೊಪಾಲಿಮರ್ ಅಸಿಟಾಲ್ ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೂ, ನೈಲಾನ್ 66 ಸುಮಾರು 260ಕ್ಕೂ, ಪೀಕ್ 343ಕ್ಕೂ ಕರಗುತ್ತವೆ. ಬಿಗಿತನಕ್ಕೆ ಗಾಜಿನ ನಾರು ಅಥವಾ ಇಂಗಾಲದ ನಾರು, ಜಾರುವಿಕೆಗೆ ಪಿಟಿಎಫ್‌ಇ, ಸಿಲಿಕೋನ್ ಅಥವಾ ಮಾಲಿಬ್ಡಿನಮ್ ಡೈಸಲ್ಫೈಡ್, ಎದುರು ಚಕ್ರವನ್ನು ಉಜ್ಜಿ ಕೆಡಿಸದಂತೆ ಅರಾಮಿಡ್ ನಾರು ಸೇರಿಸುವುದುಂಟು.

ವಿವಾದ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಒಂದೇ ಒಂದು ಗೇರನ್ನು ಹತ್ತಿರದಿಂದ ನೋಡಿದರೆ ಸಾಕು. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಗೇರಿನ ಬಿಸಿ 40 ಡಿಗ್ರಿ ಏರಿದರೆ ಅದರ ವ್ಯಾಸ ಸುಮಾರು 0.02 ಮಿಲಿಮೀಟರ್ ಹಿಗ್ಗುತ್ತದೆ. ಅದೇ ಅಳತೆಯ ಅಸಿಟಾಲ್ ಗೇರು ಸುಮಾರು 0.22 ಮಿಲಿಮೀಟರ್, ಅಂದರೆ ಸುಮಾರು ಹತ್ತು ಪಟ್ಟು, ಹಿಗ್ಗುತ್ತದೆ. ನೈಲಾನ್ 66 ಬಿಸಿಯಾಗದೆಯೂ ಬೆಳೆಯುತ್ತದೆ: ಶೇಕಡ 50ರ ಸಾಪೇಕ್ಷ ಆರ್ದ್ರತೆಯ ಗಾಳಿಯಲ್ಲಿ ಅದು ತನ್ನ ತೂಕದ ಸುಮಾರು ಶೇಕಡ 2.5ರಷ್ಟು ನೀರು ಹೀರಿ, 50 ಮಿಲಿಮೀಟರಿಗೆ ಕಾಲು ಮಿಲಿಮೀಟರಿನಷ್ಟು ಉಬ್ಬುತ್ತದೆ. ಅಚ್ಚಿನಿಂದ ಹೊರಬಂದ ಅಸಿಟಾಲ್ ಸುಮಾರು ಶೇಕಡ 2ರಷ್ಟು ಕುಗ್ಗುವುದರಿಂದ ಅಚ್ಚಿನ ಕುಳಿಯೇ 51 ಮಿಲಿಮೀಟರಿನ ಆಸುಪಾಸು ಇರಬೇಕು. ಪ್ಲಾಸ್ಟಿಕ್ಕಿನ ಉಷ್ಣವಾಹಕತೆ ಉಕ್ಕಿನ ನೂರರಲ್ಲೊಂದು ಪಾಲೂ ಇಲ್ಲದ ಕಾರಣ, ಹಲ್ಲುಗಳ ತಿಕ್ಕಾಟದ ಬಿಸಿ ಅಲ್ಲೇ ಉಳಿಯುತ್ತದೆ. ಅಸಿಟಾಲ್ ಚಕ್ರವನ್ನು ಅಸಿಟಾಲ್ ಚಕ್ರದೊಂದಿಗೇ ಕೂಡಿಸಿದರೆ ಕಿರುಗುಟ್ಟುವುದೂ ಬೇಗ ಸವೆಯುವುದೂ ವಿನ್ಯಾಸಕಾರರಿಗೆ ಗೊತ್ತು. ಹಾಗಾಗಿ ಜೊತೆಗೆ ನೈಲಾನನ್ನೋ ಉಕ್ಕನ್ನೋ ಇಡುತ್ತಾರೆ.

ಇದರಿಂದ ಎರಡೂ ಪಕ್ಷಕ್ಕೆ ವಾದ ಸಿಗುತ್ತದೆ. ‘ಲೋಹ ತೆಗೆದು ನೈಲಾನ್ ಹಾಕಿದ್ದೀರಿ, ಅಷ್ಟೇ’ ಎನ್ನುವವನಿಗೆ ‘ಹಾಕಿದ ಮೇಲೆ ಎಲ್ಲವನ್ನೂ ಮತ್ತೆ ವಿನ್ಯಾಸ ಮಾಡಬೇಕಾಯಿತು’ ಎಂಬ ಉತ್ತರವಿದೆ. ‘ಆ ಮರುವಿನ್ಯಾಸದ ಲೆಕ್ಕವೆಲ್ಲ ಕೈಪಿಡಿಯಲ್ಲೇ ಇದೆ’ ಎಂಬ ಮರುಮಾತೂ ಇದೆ. ಜಪಾನಿನ 2013ರ ಜೆಐಎಸ್ ಬಿ 1759, ಜರ್ಮನಿಯ 2014ರ ವಿಡಿಐ 2736 ಇಂಥ ಮಾನಕಗಳು, ಅವು ಪ್ರಕಟವಾದ ದಿನದಿಂದ, ಪೂರ್ವಜ್ಞಾನದ ಕಡತಕ್ಕೆ ಸೇರಿವೆ.

ಕಾನೂನಿನ ಮೂಲ

ಈ ವ್ಯಾಜ್ಯಗಳ ತಾಯಿಬೇರು ಬಾಗಿಲಿನ ಹಿಡಿಯೊಂದರಲ್ಲಿದೆ. ಹಾಚ್‌ಕಿಸ್ ವಿರುದ್ಧ ಗ್ರೀನ್‌ವುಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎದುರಿದ್ದುದು, ಜೇಡಿಮಣ್ಣು ಅಥವಾ ಪಿಂಗಾಣಿಯಿಂದ ಹಿಡಿ ಮಾಡಲು 1841ರಲ್ಲಿ ಕೊಟ್ಟ ಪೇಟೆಂಟು. ಅದೇ ಆಕಾರದ, ಅದೇ ರೀತಿ ಕಂಬಿ ಕೂರಿಸಿದ ಲೋಹದ ಹಿಡಿಗಳು ಮೊದಲೇ ಇದ್ದವು. ಹೊಸದಾಗಿ ಬಂದದ್ದು ಮಣ್ಣು ಮಾತ್ರ. ಮಣ್ಣಿನ ಹಿಡಿ ಅಗ್ಗವೂ ಚೆನ್ನವೂ ಆಗಿರಬಹುದು, ಆದರೆ ಅದಕ್ಕೆ ಬೇಕಾದದ್ದು ಸಾಮಾನ್ಯ ಕುಶಲಕರ್ಮಿಯ ಜಾಣತನಕ್ಕಿಂತ ಹೆಚ್ಚಿನದಲ್ಲ ಎಂದು 1851ರಲ್ಲಿ ಬಹುಮತದ ತೀರ್ಪು ಬಂತು. 1873ರ ಹಿಕ್ಸ್ ವಿರುದ್ಧ ಕೆಲ್ಸಿ ತೀರ್ಪು ಗಾಡಿಯ ಮರದ ಭಾಗಕ್ಕೆ ಬದಲಾಗಿ ಕಬ್ಬಿಣ ಹಾಕಿದ್ದಕ್ಕೂ ಇದನ್ನೇ ಹೇಳಿತು.

ಅಪವಾದವೂ ಬೇಗನೆ ಬಂತು. ಸ್ಮಿತ್ ವಿರುದ್ಧ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿ ಮೊಕದ್ದಮೆಯಲ್ಲಿದ್ದುದು ಕೃತಕ ಹಲ್ಲಿನ ತಟ್ಟೆಯನ್ನು ಗಟ್ಟಿ ರಬ್ಬರಿನಿಂದ ಮಾಡುವ, ಜಾನ್ ಕಮಿಂಗ್ಸ್ 1864ರಲ್ಲಿ ಪಡೆದ ಪೇಟೆಂಟು. ಮೆತ್ತಗಿನ ರಬ್ಬರಿನಲ್ಲಿ ಹಲ್ಲು ಕೂರಿಸಿ ನಂತರ ವಲ್ಕನೈಸ್ ಮಾಡಿದಾಗ ತಟ್ಟೆಯೂ ಹಲ್ಲೂ ಒಂದಾಗುತ್ತಿದ್ದವು. ಬಾಯಿಗೆ ಸರಿಯಾಗಿ ಕೂರುವ, ಹಗುರವಾದ, ಸ್ಥಿತಿಸ್ಥಾಪಕತೆಯುಳ್ಳ ಬೇರೆಯೇ ವಸ್ತು ಹೊರಬರುತ್ತಿತ್ತು. ಇದು ಬರೀ ವಸ್ತುವಿನ ಬದಲಾವಣೆಯಲ್ಲ ಎಂದು ನ್ಯಾಯಾಲಯ ಪೇಟೆಂಟನ್ನು ಎತ್ತಿಹಿಡಿಯಿತು. ಬಾಗಿಲ ಹಿಡಿ ಮತ್ತು ಹಲ್ಲಿನ ತಟ್ಟೆ, ಇವೆರಡರ ನಡುವೆ ತನ್ನ ಗೇರು ಯಾವುದರ ಮಗ್ಗುಲಿಗೆ ಬೀಳುತ್ತದೆ ಎಂದು ತೋರಿಸುವುದೇ ಇಂದಿಗೂ ವಕೀಲರ ಕೆಲಸ.

ಇಪ್ಪತ್ತನೆಯ ಶತಮಾನದ ಎರಡು ತೀರ್ಪುಗಳು ಪ್ಲಾಸ್ಟಿಕ್ಕಿಗೆ ಇನ್ನೂ ಹತ್ತಿರದವು. 1945ರ ಸಿಂಕ್ಲೇರ್ ಅಂಡ್ ಕ್ಯಾರಲ್ ವಿರುದ್ಧ ಇಂಟರ್‌ಕೆಮಿಕಲ್ ಪ್ರಕರಣ ಮುದ್ರಣದ ಶಾಯಿಯದು. ಬೇಕಾದ ಗುಣ ಯಾವುದೆಂದು ಗೊತ್ತಿದ್ದು, ಆ ಗುಣವುಳ್ಳ ದ್ರಾವಕವನ್ನು ಪಟ್ಟಿಯಿಂದ ಆರಿಸಿಕೊಳ್ಳುವುದು ಚಿತ್ರಬಂಧದ ಕೊನೆಯ ತುಂಡನ್ನು ಉಳಿದ ಜಾಗಕ್ಕೆ ಇಟ್ಟಂತೆ ಎಂದು ಸುಪ್ರೀಂ ಕೋರ್ಟ್ ಕಂಡಿತು. ಪ್ಲಾಸ್ಟಿಕ್ಕಿನಲ್ಲೇ ಮಾಡುತ್ತಿದ್ದ ಬಗೆಯ ಡಬ್ಬಿಗೆ ಮೊದಲೇ ಗೊತ್ತಿದ್ದ ಪ್ಲಾಸ್ಟಿಕ್ಕುಗಳಲ್ಲೊಂದನ್ನು ಆರಿಸಿದ್ದು ಸಹಜಗೋಚರ ಎಂದು 1960ರ ಲೆಶಿನ್ ಪ್ರಕರಣದಲ್ಲಿ ಅಮೆರಿಕದ ಆಗಿನ ಸುಂಕ ಮತ್ತು ಪೇಟೆಂಟ್ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಅಮೆರಿಕದ ಪೇಟೆಂಟ್ ಪರೀಕ್ಷಕರ ಕೈಪಿಡಿ ಸಾಮಗ್ರಿಯ ಆಯ್ಕೆಯ ಬಗ್ಗೆ ಉದಾಹರಿಸುವ ತೀರ್ಪುಗಳಲ್ಲಿ ಇವೆರಡೂ ಇವೆ.

ಪರೀಕ್ಷೆಯ ರಚನೆ

ಅಮೆರಿಕದ 1952ರ ಪೇಟೆಂಟ್ ಕಾಯಿದೆಯ 103ನೆಯ ಪ್ರಕರಣ ಸಹಜಗೋಚರತೆಯನ್ನು ಶಾಸನದ ಮಾತಾಗಿಸಿತು. 1966ರ ಗ್ರಹಾಂ ವಿರುದ್ಧ ಜಾನ್ ಡೀರ್ ತೀರ್ಪಿನ ಪ್ರಕಾರ ಪೂರ್ವಜ್ಞಾನದ ವ್ಯಾಪ್ತಿ, ಅದಕ್ಕೂ ಕ್ಲೇಮಿಗೂ ಇರುವ ವ್ಯತ್ಯಾಸ, ಕಸಬು ಬಲ್ಲವನ ಮಟ್ಟ ಇವನ್ನು ಮೊದಲು ನಿಶ್ಚಯಿಸಬೇಕು. ವ್ಯಾಪಾರದ ಯಶಸ್ಸು, ಬಹುಕಾಲ ತೀರದಿದ್ದ ಅಗತ್ಯ, ಇತರರ ಸೋಲು ಇವನ್ನು ಪೂರಕವಾಗಿ ನೋಡಬಹುದು. ಅದೇ ದಿನ ಹೊರಬಂದ ಆಡಮ್ಸ್ ತೀರ್ಪಿನಲ್ಲಿ ಮೆಗ್ನೀಸಿಯಮ್ ಮತ್ತು ಕ್ಯೂಪ್ರಸ್ ಕ್ಲೋರೈಡ್ ಬಳಸಿ ನೀರು ಹಾಕಿದೊಡನೆ ನಡೆಯುವ ಬ್ಯಾಟರಿಯ ಪೇಟೆಂಟು ಉಳಿಯಿತು. ವಸ್ತುಗಳೆರಡೂ ಗೊತ್ತಿದ್ದವೇ. ಆದರೆ ಪೂರ್ವಜ್ಞಾನ ಆ ದಾರಿಗೆ ಹೋಗಬೇಡಿ ಎನ್ನುವಂತಿತ್ತು, ಫಲವೂ ಯಾರೂ ನಿರೀಕ್ಷಿಸದಂಥದು. 2007ರ ಕೆಎಸ್‌ಆರ್ ವಿರುದ್ಧ ಟೆಲಿಫ್ಲೆಕ್ಸ್ ಪ್ರಕರಣ ಕಾರಿನ ಪೆಡಲಿನದು. ಎರಡು ದಾಖಲೆಗಳನ್ನು ಕೂಡಿಸಲು ಲಿಖಿತ ಸೂಚನೆಯೇ ಇರಬೇಕೆಂಬ ಬಿಗಿ ನಿಯಮವನ್ನು ಅದು ಸಡಿಲಿಸಿತು. ಕಸಬು ಬಲ್ಲವ ಯಂತ್ರಮಾನವನಲ್ಲ, ಅವನಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆ ಎಂದಿತು. ಸಾಮಗ್ರಿ ಬದಲಾವಣೆಯ ಪೇಟೆಂಟುಗಳಿಗೆ ಹೆಚ್ಚು ಬಿಸಿ ತಟ್ಟಿಸಿದ್ದು ಈ ತೀರ್ಪು.

ಯುರೋಪಿಯನ್ ಪೇಟೆಂಟ್ ಒಪ್ಪಂದದ 56ನೆಯ ವಿಧಿಯಡಿ ‘ಸಮಸ್ಯೆ ಮತ್ತು ಪರಿಹಾರ’ದ ಕ್ರಮವಿದೆ. ಅತಿ ಸಮೀಪದ ಪೂರ್ವಜ್ಞಾನವನ್ನು ಗುರುತಿಸಿ, ಕ್ಲೇಮಿನ ವ್ಯತ್ಯಾಸದಿಂದ ಯಾವ ತಾಂತ್ರಿಕ ಫಲ ಬಂತೆಂದು ನೋಡಿ, ಆ ಫಲ ಪಡೆಯುವುದನ್ನೇ ಸಮಸ್ಯೆಯಾಗಿ ಬರೆದು, ಕಸಬು ಬಲ್ಲವ ಈ ಪರಿಹಾರವನ್ನು ಮಾಡ‘ಬಹುದಿತ್ತೇ’ ಎಂದಲ್ಲ, ಮಾಡಿಯೇ ‘ತೀರುತ್ತಿದ್ದನೇ’ ಎಂದು ಕೇಳುತ್ತಾರೆ. ನೈಲಾನಿಗೆ ಬದಲಾಗಿ ಅಸಿಟಾಲ್ ಹಾಕಿ ಸದ್ದು ತಗ್ಗಿತು ಎಂದುಕೊಳ್ಳಿ. ನೀರು ಹೀರದಿರಲೆಂದು ಅವನು ಹೇಗೂ ಅಸಿಟಾಲಿಗೇ ಹೋಗುತ್ತಿದ್ದ, ಬೇರೆ ದಾರಿಯೂ ಇರಲಿಲ್ಲ ಎಂದಾದರೆ, ಸದ್ದು ತಗ್ಗಿದ್ದು ಬರೀ ಹೆಚ್ಚುವರಿ ಲಾಭ. ಅದರಿಂದ ಆವಿಷ್ಕಾರಕ ಹೆಜ್ಜೆ ಸಿದ್ಧಿಸದು.

ಭಾರತದಲ್ಲಿ 1970ರ ಪೇಟೆಂಟ್ ಕಾಯಿದೆಯ 2(1)(ಜೆಎ) ಪ್ರಕರಣ ಆವಿಷ್ಕಾರಕ ಹೆಜ್ಜೆಗೆ ಎರಡು ಷರತ್ತು ಹಾಕುತ್ತದೆ: ಇರುವ ಜ್ಞಾನಕ್ಕಿಂತ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಅಥವಾ ಎರಡೂ ಇರಬೇಕು, ಕಸಬು ಬಲ್ಲವನಿಗೆ ಸಹಜಗೋಚರವಾಗಿರಬಾರದು. ಈ ವ್ಯಾಖ್ಯೆಗಿಂತ ಮೊದಲೇ, ಮಿರ್ಜಾಪುರದ ಪಾತ್ರೆ ತಯಾರಕರ ನಡುವಿನ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪ್ರಕರಣದಲ್ಲಿ, ಬರೀ ಕಾರ್ಖಾನೆಯೊಳಗಿನ ಸುಧಾರಣೆ ಪೇಟೆಂಟಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತ್ತು. ಪಾತ್ರೆಗಳನ್ನು ಲೇತಿನಲ್ಲಿ ಹಿಡಿದು ನಿಲ್ಲಿಸುವ ಸಾಧನ ಅದರ ವಸ್ತು. ಪ್ಲಾಸ್ಟಿಕ್ ಮಿಶ್ರಣದ ಅರ್ಜಿದಾರರು ಇನ್ನೆರಡು ಬೇಲಿಗಳನ್ನೂ ದಾಟಬೇಕು. ಗೊತ್ತಿರುವ ವಸ್ತುವಿನ ಹೊಸ ಗುಣ ಅಥವಾ ಹೊಸ ಉಪಯೋಗ ಕಂಡುಕೊಂಡದ್ದಷ್ಟೇ ಆವಿಷ್ಕಾರವಲ್ಲ ಎನ್ನುತ್ತದೆ 3(ಡಿ). ಬಿಡಿ ಘಟಕಗಳ ಗುಣಗಳು ಕೂಡಿದ್ದಷ್ಟೇ ಫಲವಾಗಿರುವ ಬೆರಕೆಯೂ ಆವಿಷ್ಕಾರವಲ್ಲ ಎನ್ನುತ್ತದೆ 3(ಇ). ಔಷಧಗಳಿಂದಾಗಿ ಹೆಸರಾದ ಈ ಉಪಪ್ರಕರಣಗಳ ಮಾತು ಔಷಧಕ್ಕಷ್ಟೇ ಸೀಮಿತವಾಗಿಲ್ಲ.

ವಿವಾದದ ಬಗೆಗಳು

ಸರಳವಾದದ್ದು ನೇರ ಬದಲಿ: ಲೋಹದ ಗೇರಿನ ಜಾಗಕ್ಕೆ ಪ್ಲಾಸ್ಟಿಕ್, ಅಥವಾ ಒಂದು ಪ್ಲಾಸ್ಟಿಕ್ಕಿನ ಜಾಗಕ್ಕೆ ಇನ್ನೊಂದು. ಹಗುರ, ಅಗ್ಗ, ಸದ್ದು ಕಡಿಮೆ, ಎಣ್ಣೆ ಬೇಡ ಎಂಬ ಲಾಭಗಳು ಜನಜನಿತವಾದ್ದರಿಂದ ಇಂಥ ಕ್ಲೇಮು ಉಳಿಯುವುದು ಕಷ್ಟ.

ಎರಡನೆಯದು ಅಂಕಿಯ ವ್ಯಾಪ್ತಿಯದು. ಇದರ ಮಾದರಿ ತೀರ್ಪುಗಳು ಲೋಹಗಳಿಂದ ಬಂದವು. 1985ರ ಟೈಟೇನಿಯಂ ಮೆಟಲ್ಸ್ ವಿರುದ್ಧ ಬ್ಯಾನರ್ ಪ್ರಕರಣದ ಒಂದು ಕ್ಲೇಮಿನಲ್ಲಿ ಶೇಕಡ 0.3 ಮಾಲಿಬ್ಡಿನಮ್, 0.8 ನಿಕ್ಕಲ್ ಇತ್ತು, ಪೂರ್ವಜ್ಞಾನದಲ್ಲಿ 0.25 ಮತ್ತು 0.75ರದೊಂದು, 0.31 ಮತ್ತು 0.94ರದೊಂದು ಮಿಶ್ರಲೋಹವಿತ್ತು. ಇಷ್ಟು ಹತ್ತಿರದವುಗಳ ಗುಣವೂ ಒಂದೇ ಇರುತ್ತದೆಂದು ಎಣಿಸುವುದು ಸಹಜ ಎಂದಿತು ನ್ಯಾಯಾಲಯ. 2003ರ ಪೀಟರ್ಸನ್ ತೀರ್ಪು, ಕ್ಲೇಮಿನ ವ್ಯಾಪ್ತಿ ಪೂರ್ವಜ್ಞಾನದ ವ್ಯಾಪ್ತಿಯೊಳಗೆ ಬಿದ್ದರೆ ಮೇಲ್ನೋಟಕ್ಕೇ ಸಹಜಗೋಚರ ಎಂದಿತು. ಗಾಜಿನ ನಾರು ‘ಶೇಕಡ 20ರಿಂದ 30’ ಎನ್ನುವ ಗೇರಿನ ಕ್ಲೇಮಿಗೆ, ‘10ರಿಂದ 40’ ಎನ್ನುವ ಹಳೆಯ ದಾಖಲೆ ಇದೇ ರೀತಿ ಮುಳುವಾಗುತ್ತದೆ. ಪಾರಾಗಲು ಆ ಒಳವ್ಯಾಪ್ತಿಯಲ್ಲೇ ಏನೋ ವಿಶೇಷ ನಡೆಯುತ್ತದೆಂದು ತೋರಿಸಬೇಕು.

ಮೂರನೆಯದು ಮಿಶ್ರಣದ ಘಟಕಗಳ ಕೂಟ, ಮತ್ತು ನಿಜವಾದ ಜಗಳ ಇಲ್ಲಿಯೇ. ಮಾದರಿಗಾಗಿ ಒಂದು ಕಲ್ಪಿತ ಕ್ಲೇಮು (ವರ್ಮ್ ಎಂದರೆ ತಿರುಪಿನಾಕಾರದ ಗೇರು): ‘ಉಕ್ಕಿನ ವರ್ಮಿನೊಂದಿಗೆ ಕೂಡುವ ಗೇರು; ಅದರ ಹಲ್ಲುಗಳು ನೈಲಾನ್ 66ರವು; ಅದರಲ್ಲಿ ತೂಕದ ಶೇಕಡ 15ರಿಂದ 30 ಗಾಜಿನ ನಾರು, 2ರಿಂದ 5 ಪಿಟಿಎಫ್‌ಇ.’ ಒಂದು ದಾಖಲೆ ಗಾಜಿನ ನಾರಿನ ನೈಲಾನ್ ಗೇರನ್ನು ಹೇಳುತ್ತದೆ, ಇನ್ನೊಂದು ಪಿಟಿಎಫ್‌ಇ ಸೇರಿಸಿದ ನೈಲಾನ್ ಬೇರಿಂಗನ್ನು. ಒಂದು ಬಿಗಿತನಕ್ಕೆ, ಇನ್ನೊಂದು ಜಾರುವಿಕೆಗೆ. ಎರಡೂ ತಮ್ಮ ತಮ್ಮ ಕೆಲಸವನ್ನೇ ಮಾಡುತ್ತಿವೆ ಎನ್ನುತ್ತಾನೆ ಎದುರಾಳಿ. ಅರ್ಜಿದಾರನ ಉತ್ತರ ಬೇರೆ. ಗಾಜು ಎದುರು ಮೈಯನ್ನು ಉಜ್ಜುತ್ತದೆ, ಪಿಟಿಎಫ್‌ಇ ಹಲ್ಲಿನ ಬಲವನ್ನು ತಗ್ಗಿಸುತ್ತದೆ. ಎರಡು ದೋಷಗಳು ಕೂಡಿದಾಗ ಸವೆತ ಹೆಚ್ಚುವ ಬದಲು ಕುಸಿಯಿತು, ಇದನ್ನು ಯಾರೂ ಊಹಿಸುತ್ತಿರಲಿಲ್ಲ ಎಂಬುದು ಅವನ ವಾದ. ಕ್ಲೇಮಿನ ಗತಿ ಆ ಕುಸಿತದ ಅಂಕಿಗಳ ಮೇಲೆ ನಿಂತಿದೆ.

ಚಕ್ರಗಳ ಜೋಡಿಯನ್ನೇ ಹಿಡಿದು ಮಾಡಿದ ಕ್ಲೇಮುಗಳು, ಹಲ್ಲಿನ ಆಕಾರವನ್ನೂ ಸಾಮಗ್ರಿಯನ್ನೂ ಒಟ್ಟಿಗೆ ಕಟ್ಟಿದ ಕ್ಲೇಮುಗಳು ಇನ್ನೆರಡು ಬಗೆ. ಹಲ್ಲಿನ ತಿರುವು ಆ ಪ್ಲಾಸ್ಟಿಕ್ಕಿನ ಕುಗ್ಗುವಿಕೆಗೆಂದೇ ರೂಪುಗೊಂಡಿದ್ದರೆ ಆಕಾರ ಮತ್ತು ಸಾಮಗ್ರಿಯನ್ನು ಬೇರೆ ಬೇರೆ ಪುಸ್ತಕಗಳಿಂದ ಎತ್ತಿ ಜೋಡಿಸುವುದು ಎದುರಾಳಿಗೆ ಸುಲಭವಲ್ಲ. ಹಲ್ಲಿನ ತಟ್ಟೆಯ ತೀರ್ಪಿಗೆ ಹೆಚ್ಚು ಸಮೀಪವಾದ ಬಗೆ ಇದು.

ಕಸಬು ಬಲ್ಲವ ಯಾರು

ಗೇರ್ ವಿನ್ಯಾಸಕಾರನೋ ಪಾಲಿಮರ್ ರಸಾಯನಜ್ಞನೋ ಎಂಬುದರ ಮೇಲೆ ಫಲಿತಾಂಶ ವಾಲುತ್ತದೆ. ವಿನ್ಯಾಸಕಾರನಿಗೆ ಹೊಸ ಪಾಲಿಮರಿನ ಸಂಶೋಧನಾ ಲೇಖನ ಪರಿಚಯವಿರಲಾರದು. ರಸಾಯನಜ್ಞನಿಗೆ ಹಲ್ಲಿನ ಬುಡದ ಒತ್ತಡ ತಿಳಿದಿರಲಾರದು. ಅಗತ್ಯಬಿದ್ದಲ್ಲಿ ಇಬ್ಬರೂ ಇರುವ ತಂಡವನ್ನೇ ಕಸಬು ಬಲ್ಲವನೆಂದು ಯುರೋಪಿಯನ್ ಪೇಟೆಂಟ್ ಕಚೇರಿ ಪರಿಗಣಿಸುತ್ತದೆ. ಎಷ್ಟು ದೂರದ ಕ್ಷೇತ್ರದ ದಾಖಲೆಯನ್ನು ಎಳೆದು ತರಬಹುದು ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಅಮೆರಿಕದಲ್ಲಿ ಅದೇ ಕ್ಷೇತ್ರದ್ದಾಗಿರಬೇಕು, ಇಲ್ಲವೇ ಅದೇ ಸಮಸ್ಯೆಗೆ ಸಂಬಂಧಿಸಿರಬೇಕು. 2004ರ ಬಿಜಿಯೊ ಪ್ರಕರಣದಲ್ಲಿ ಕೂದಲಿನ ಬ್ರಷ್ಷಿನ ಕ್ಲೇಮಿನ ಎದುರು ಹಲ್ಲುಜ್ಜುವ ಬ್ರಷ್ಷಿನ ದಾಖಲೆ ಸಲ್ಲುತ್ತದೆ ಎಂದಾಗಿತ್ತು. ಈ ಅಳತೆಯಲ್ಲಿ, ತಿಕ್ಕಾಟ ಮತ್ತು ಸವೆತವೇ ಸಮಸ್ಯೆಯಾದ ಗೇರಿಗೆ ಪ್ಲಾಸ್ಟಿಕ್ ಬೇರಿಂಗಿನ ದಾಖಲೆ ದೂರದ್ದೆನ್ನುವುದು ಕಷ್ಟ.

ಸಾಕ್ಷ್ಯ

ಸಾಮಗ್ರಿಯ ವ್ಯಾಜ್ಯ ಗೆಲ್ಲುವುದು ಸೋಲುವುದು ಬಹುಪಾಲು ಪ್ರಯೋಗದ ಕೋಷ್ಟಕದ ಮೇಲೆ. ಹೋಲಿಕೆ ಅತಿ ಸಮೀಪದ ಪೂರ್ವಜ್ಞಾನದ ಜೊತೆ ಇರಬೇಕು. ಸೇರ್ಪಡೆಯೇ ಇಲ್ಲದ ಸಾದಾ ನೈಲಾನಿನ ಜೊತೆ ಹೋಲಿಸಿ ಗೆದ್ದರೆ ಪ್ರಯೋಜನವಿಲ್ಲ. ಒಂದೇ ತಿರುಗುಬಲ, ವೇಗ, ಬಿಸಿ, ಆರ್ದ್ರತೆ ಇರಬೇಕು. ಒಣಗಿಸಿದ ನೈಲಾನಿಗೂ ನೀರು ಹೀರಿದ ನೈಲಾನಿಗೂ ಬಲದಲ್ಲಿ ದೊಡ್ಡ ಅಂತರವಿರುವುದರಿಂದ ಮಾದರಿಯನ್ನು ಹೇಗೆ ಹದಗೊಳಿಸಿದರು ಎಂದು ಬರೆಯದ ಕೋಷ್ಟಕ ಪಾಟೀಸವಾಲಿಗೆ ಸುಲಭದ ತುತ್ತು. ಫಲ ಕ್ಲೇಮಿನ ಇಡೀ ವಿಸ್ತಾರಕ್ಕೆ ಸಲ್ಲಬೇಕೆಂಬುದು ಮತ್ತೊಂದು ಷರತ್ತು. ನೈಲಾನ್ 66ರ ಒಂದೇ ದರ್ಜೆಯಲ್ಲಿ ಪ್ರಯೋಗ ಮಾಡಿ ‘ಯಾವುದೇ ಪಾಲಿಅಮೈಡ್’, ಅಂದರೆ ನೈಲಾನ್ ಕುಲದ ಯಾವುದೇ ಪ್ಲಾಸ್ಟಿಕ್, ಎಂದು ಕ್ಲೇಮು ಬರೆದವರು ಇಲ್ಲಿ ಎಡವುತ್ತಾರೆ.

ಎದುರಾಳಿಯ ಸಾಕ್ಷ್ಯ ಸಾಮಾನ್ಯವಾಗಿ ಕಂಪನಿಗಳ ಉತ್ಪನ್ನ ಕೈಪಿಡಿ, ಗೇರ್ ಮಾನಕ, ಹಳೆಯ ಪೇಟೆಂಟು. ಪೇಟೆಂಟ್ ಓದಿದ ಮೇಲೆ ಎಲ್ಲವೂ ಸುಲಭವೆನಿಸುವ ಹಿನ್ನೋಟದ ದೋಷದ ಬಗ್ಗೆ ಹಲವು ದೇಶಗಳ ನ್ಯಾಯಾಲಯಗಳು ಎಚ್ಚರಿಸುತ್ತವೆ. ಡೆಲ್ಲಿ ಹೈಕೋರ್ಟ್ 2015ರಲ್ಲಿ ರೋಶ್ ವಿರುದ್ಧ ಸಿಪ್ಲಾ ತೀರ್ಪಿನಲ್ಲಿ ಕೊಟ್ಟ ಐದು ಹಂತಗಳಲ್ಲಿ ಕೊನೆಯದು, ಆವಿಷ್ಕಾರವನ್ನು ಮರೆತು ವ್ಯತ್ಯಾಸಗಳನ್ನು ನೋಡಬೇಕು ಎಂಬುದೇ.

ವೇದಿಕೆಗಳು

ಅಮೆರಿಕದಲ್ಲಿ ಕೊಟ್ಟ ಪೇಟೆಂಟನ್ನು ಪೇಟೆಂಟ್ ಕಚೇರಿಯ ಮಂಡಳಿಯ ಮುಂದೆಯೇ ಮರುಪರಿಶೀಲಿಸುವ ವ್ಯವಸ್ಥೆ 2012ರ ಸೆಪ್ಟೆಂಬರಿನಿಂದ ಇದೆ. ಅಲ್ಲಿ ಸಾಕ್ಷ್ಯದ ತೂಕ ಎದುರಾಳಿಯ ಕಡೆ ತುಸು ಹೆಚ್ಚು ವಾಲಿದರೆ ಸಾಕು. ನ್ಯಾಯಾಲಯದಲ್ಲಾದರೆ ಸ್ಪಷ್ಟವೂ ಮನವರಿಕೆಯಾಗುವಂಥದೂ ಆದ ಸಾಕ್ಷ್ಯ ಬೇಕೆಂದು 2011ರ ಮೈಕ್ರೋಸಾಫ್ಟ್ ವಿರುದ್ಧ ಐ4ಐ ತೀರ್ಪು ಹೇಳುತ್ತದೆ. ಯುರೋಪಿನಲ್ಲಿ ಪೇಟೆಂಟು ಕೊಟ್ಟ ಪ್ರಕಟಣೆಯಿಂದ 9 ತಿಂಗಳೊಳಗೆ ಯಾರಾದರೂ ವಿರೋಧ ಸಲ್ಲಿಸಬಹುದು. ಭಾರತದಲ್ಲಿ ಕೊಡುವ ಮುಂಚೆ ಯಾರಾದರೂ, ಕೊಟ್ಟು ಪ್ರಕಟಿಸಿದ ಒಂದು ವರ್ಷದೊಳಗೆ ಹಿತಾಸಕ್ತಿ ಇದ್ದವರು, 25ನೆಯ ಪ್ರಕರಣದಡಿ ವಿರೋಧಿಸಬಹುದು. 64ನೆಯ ಪ್ರಕರಣದಡಿ ರದ್ದತಿ ಕೇಳಬಹುದು. ಕರ್ನಾಟಕದ ಅರ್ಜಿದಾರರ ಪೇಟೆಂಟ್ ಕಚೇರಿ ಚೆನ್ನೈಯದು.

ಈಗಿನ ಸ್ಥಿತಿ

ಭಾರತದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿ ಅದರ ಕೆಲಸ ಹೈಕೋರ್ಟುಗಳಿಗೆ ಹೋಯಿತು. ಪೂರ್ವಜ್ಞಾನ ಯಾವುದು, ಆವಿಷ್ಕಾರ ಯಾವುದು, ಒಂದರಿಂದ ಇನ್ನೊಂದು ಹೇಗೆ ಹೊಳೆಯುತ್ತದೆ ಎಂಬ ಮೂರನ್ನೂ ಬಿಡಿಸಿ ಹೇಳದೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ಡೆಲ್ಲಿ ಹೈಕೋರ್ಟ್ 2022ರ ಅಗ್ರಿಬೋರ್ಡ್ ಪ್ರಕರಣದಲ್ಲಿ ವಿಧಿಸಿತು. ಯುರೋಪಿಯನ್ ಕಚೇರಿಯ ವಿಸ್ತೃತ ಮೇಲ್ಮನವಿ ಮಂಡಳಿ 2023ರ ಜಿ 2/21 ನಿರ್ಣಯದಲ್ಲಿ, ಅರ್ಜಿಯ ನಂತರ ಸಲ್ಲಿಸಿದ ಪ್ರಯೋಗದ ಫಲಿತಾಂಶಗಳನ್ನು ಆ ಕಾರಣಕ್ಕಷ್ಟೇ ಬದಿಗಿಡಲಾಗದು ಎಂದಿತು. ಆದರೆ ಅವು ತೋರಿಸುವ ಫಲ ಮೂಲ ಅರ್ಜಿಯಿಂದಲೇ ಕಸಬು ಬಲ್ಲವನಿಗೆ ಹೊರಡುವಂತಿರಬೇಕು. ಸವೆತದ ಪರೀಕ್ಷೆಗೆ ತಿಂಗಳುಗಟ್ಟಲೆ ಹಿಡಿಯುವ ಗೇರ್ ಕ್ಷೇತ್ರಕ್ಕೆ ಇದು ನೇರವಾಗಿ ತಟ್ಟುವ ಮಾತು.

ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ವರ್ಮ್ ಚಕ್ರಗಳಲ್ಲಿ ಲೋಹದ ನಡುಭಾಗಕ್ಕೆ ಪಾಲಿಅಮೈಡ್ ಹಲ್ಲಿನ ಅಂಚು ಕೂರಿಸುವುದು ಸಾಮಾನ್ಯವಾಗಿದೆ. ಎಂಜಿನ್ನಿನೊಳಗೂ ಪೀಕ್ ಗೇರುಗಳು ಬಂದಿವೆ. ಪಿಟಿಎಫ್‌ಇ ಸೇರಿದ ಪಿಎಫ್‌ಎಎಸ್ ವರ್ಗದ ರಾಸಾಯನಿಕಗಳನ್ನು ನಿರ್ಬಂಧಿಸಲು ಜರ್ಮನಿ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಸ್ವೀಡನ್ ಮತ್ತು ನಾರ್ವೆ ಸಿದ್ಧಪಡಿಸಿದ ಪ್ರಸ್ತಾವ 2023ರಲ್ಲಿ ಪ್ರಕಟವಾಯಿತು. ಪಿಟಿಎಫ್‌ಇ ಬಿಟ್ಟು ಬೇರೆ ಜಾರುಕ ಹುಡುಕಲು ಅಂದಿನಿಂದ ಎಲ್ಲರಿಗೂ ತೋರುವ ಕಾರಣವೊಂದಿದೆ. ಹಾಗಾಗಿ ಆಮೇಲಿನ ಅರ್ಜಿಗಳಲ್ಲಿ ‘ಪಿಟಿಎಫ್‌ಇ ಇಲ್ಲದ ಗೇರು’ ಎಂಬ ಗುರಿಯೊಂದೇ ಆವಿಷ್ಕಾರಕ ಹೆಜ್ಜೆಯೆನಿಸಿಕೊಳ್ಳಲಾರದು. ಅದರ ಜಾಗಕ್ಕೆ ಯಾವುದನ್ನು, ಎಷ್ಟು ಹಾಕಿ, ಸವೆತವನ್ನು ಎಷ್ಟರಲ್ಲಿ ನಿಲ್ಲಿಸಿದರು ಎಂಬುದರ ಮೇಲೆ ಪರೀಕ್ಷೆ ನಡೆಯುತ್ತದೆ.